ಬಿಗಿ ಬಲೆ

ಪುದೀನಕ್ಕೆ ನೀರು ಹಾಕಲು ಹೋದ ಬೆಳಿಗ್ಗೆ
ಕುಂಡದ ನಡುವೆ ಒಂದು ಮೊಟ್ಟೆ.
ಸುತ್ತ ನಾಲ್ಕು ಪೊರಕೆ ಕಡ್ಡಿ, ಎರಡು ಹುಣಿಸೆ ಕಡ್ಡಿ,
ಕೇಬಲ್ಲಿನವನು ಕತ್ತರಿಸಿ ಬಿಟ್ಟುಹೋದ ನೀಲಿ ವೈರು.
ಇದನ್ನು ಗೂಡು ಎನ್ನಲು ಧೈರ್ಯ ಬೇಕು.

ನಿನ್ನೆ ಗುಡಿಸಿದ್ದರೆ ಬರೀ ಕಸ.
ಇವತ್ತು ಗುಡಿಸಿದರೆ ಅದಕ್ಕೆ ಬೇರೆ ಹೆಸರು.
ಒಂದೇ ರಾತ್ರಿಯಲ್ಲಿ
ಬಾಡಿಗೆಗಿರುವ ನಾನು ಓನರಾಗಿಬಿಟ್ಟೆ.

ಕೆಳಮನೆಯ ಅಕ್ಕಯ್ಯಮ್ಮ ಒಂದು ಸೇರು ಅಕ್ಕಿ ಕಳಿಸಿದರು:
"ಮನೆಗ್ ಬಂದಿರೋ ಪಾವುರಾಲು, ಹಾಕಮ್ಮ, ಪುಣ್ಯ."
ಅಕ್ಕಿಯನ್ನು ದೋಸೆಗೆ ನೆನೆಹಾಕಿದೆ.
ಚಿಂತಾಮಣಿಯ ಮಂಡಿ ಬೀದಿಯಲ್ಲಿ
ಮೂಟೆ ಸೋರಿದ ಕಡಲೆಕಾಯಿ, ಜೋಳ, ಹುರುಳಿ
ಅವಕ್ಕೆ ಬೇಕಾದಷ್ಟು ಬಿದ್ದಿದೆ.
ನನ್ನದೊಂದು ಹಿಡಿ ಅಕ್ಕಿ
ನಾಳೆ ನಲವತ್ತು ರೆಕ್ಕೆ ಕರೆತರುತ್ತದೆ,
ಅವುಗಳ ಹಿಕ್ಕೆ ಒಣಗಿ, ಪುಡಿಯಾಗಿ
ಪಕ್ಕದ ಕಿಟಕಿಯ ಮೋಕ್ಷಿತನ ಎದೆಯಲ್ಲಿ ಕೂರುತ್ತದೆ.

ಅವನ ಕಫ ಪರೀಕ್ಷೆ ಮಾಡಿದವಳು ನಾನೇ,
ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ.
ಏಳು ವರ್ಷ. ಉಸಿರೆಳೆದರೆ
ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಸದ್ದು.
ಅವನಮ್ಮ ಸುಗುಣ ಬಂದಳು, ಮೊಟ್ಟೆ ನೋಡಿದಳು,
ಏನೂ ಅನ್ನದೆ ಹೋದಳು.
ಅವಳು ಅನ್ನದೇ ಹೋದದ್ದು
ಮೂರು ದಿನ ನನ್ನ ಜೊತೆ ಊಟಕ್ಕೆ ಕೂತಿತ್ತು.

ಅಷ್ಟರಲ್ಲಿ ಮೊಟ್ಟೆ ಎರಡಾದವು.

ಕೊನೆಗೆ ಗೋಡೆಯ ಆಚೆ ಈಚೆ ನಿಂತು ಮಾತಾಡಿಕೊಂಡೆವು:
ಮೊಟ್ಟೆಗೆ ಹದಿನೆಂಟು ದಿನ, ಮರಿಗೆ ಇನ್ನೊಂದು ತಿಂಗಳು ಚಿಲ್ಲರೆ.
ಅಲ್ಲಿಯವರೆಗೆ ಅವನ ಕಿಟಕಿ ಮುಚ್ಚಿರಲಿ, ಹಾಸಿಗೆ ಹಾಲಿಗೆ ಬರಲಿ.
ನನ್ನ ಬಾಲ್ಕನಿ ಒದ್ದೆ ಇರಲಿ.
ಒಣಗಿದ್ದನ್ನು ಗುಡಿಸುವ ಹಾಗಿಲ್ಲ.
ಮೂಗಿಗೆ ಮಾಸ್ಕು, ಕೈಗೆ ಗ್ಲೌಸು,
ನೀರು ಚಿಮುಕಿಸಿ, ನೆನೆಸಿ, ಒರೆಸಿ, ಕವರಿಗೆ ಕಟ್ಟಿ
ಡ್ಯೂಟಿ ಮುಗಿಸಿ ಬಂದವಳಿಗೆ ಇನ್ನೊಂದು ಡ್ಯೂಟಿ.

ಹಗಲು ಗಂಡು, ರಾತ್ರಿ ಹೆಣ್ಣು.
ಹತ್ತಕ್ಕೆ ಬದಲಿ, ನಾಲ್ಕಕ್ಕೆ ಬದಲಿ.
ನಮ್ಮ ಶಿಫ್ಟ್ ಚಾರ್ಟು ನಾಚಬೇಕು,
ಒಂದು ದಿನ ಯಾರೂ ರಜೆ ಹಾಕಲಿಲ್ಲ.

ಮರಿಗಳು ಬಂದವು: ಹಳದಿ ಕೂದಲು, ಮುದುಕರ ಮುಖ,
ಮೈಗಿಂತ ಕೊಕ್ಕೇ ದೊಡ್ಡದು.
ಮೋಕ್ಷಿತ್ ಮುಚ್ಚಿದ ಗಾಜಿಗೆ ಮೂಗು ಒತ್ತಿ
ಒಂದಕ್ಕೆ ಇಡ್ಲಿ ಎಂದು ಹೆಸರಿಟ್ಟ.
ಇನ್ನೊಂದಕ್ಕೂ ಇಡ್ಲಿ.
"ಎರಡೂ ಒಂದೇ ಥರ ಇದಾವಲ್ಲ ಆಂಟಿ."

ಪುದೀನ ಅಷ್ಟೊತ್ತಿಗೆ ಸತ್ತಿತ್ತು.
ಅದರ ಪರವಾಗಿ ಯಾರೂ ಮಾತಾಡಲಿಲ್ಲ.

ಮರಿಗಳಿಗೆ ಇಪ್ಪತ್ತೈದು ದಿನ ತುಂಬಿದ ಸಂಜೆ
ವಾಷಿಂಗ್ ಮಿಷನ್ನಿನ ಹಿಂದೆ ಹೊಸ ಕಡ್ಡಿ.
ಇವು ಇನ್ನೂ ಹಾರಿಲ್ಲ, ಆಗಲೇ ಮುಂದಿನದಕ್ಕೆ ಅಸ್ತಿವಾರ.
ತೆಗೆದೆ. ತಂದಿತು.
ತೆಗೆದೆ. ತಂದಿತು.
ಹನ್ನೊಂದು ದಿನ.
ಕಡ್ಡಿಗೂ ಮೊಟ್ಟೆಗೂ ನಡುವೆ ಒಂದು ರಾತ್ರಿ ಇದೆ,
ಆ ರಾತ್ರಿ ಬಾರದ ಹಾಗೆ ಕಾಯುವುದೂ ಕರುಣೆಯೇ
ಎಂದು ಗಟ್ಟಿಯಾಗಿ ಹೇಳಿಕೊಂಡೆ.
ಗಂಡು ಹಕ್ಕಿ ಕತ್ತು ಓರೆ ಮಾಡಿ
ಒಂದೇ ಕಣ್ಣಿನಲ್ಲಿ ನೋಡಿತು.

ಮೊದಲ ಇಡ್ಲಿ ಎದುರಿನ ಬೇಳೆ ಮಿಲ್ಲಿನ ಶೀಟಿಗೆ ಹಾರಿತು.
ಎರಡನೆಯದು ಒಂದು ದಿನ ತಡ ಮಾಡಿತು.
ಇಡೀ ದಿನ ಒಬ್ಬಂಟಿ, ಕುಂಡದ ಅಂಚಿನಲ್ಲಿ,
ಹೋಗಲೋ ಬೇಡವೋ.

ಮಾರನೆಯ ಮಧ್ಯಾಹ್ನ ಪಿಳ್ಳಪ್ಪ ಬಂದ,
ಕನ್ನಂಪಲ್ಲಿ ಕೆರೆಯಲ್ಲಿ ಬಲೆ ಹೊಲಿಯುವವನು.
ಮೂಲೆ ಮೂಲೆಗೆ ಮೊಳೆ ಹೊಡೆದು, ಎಳೆದು ಕಟ್ಟಿ,
ಒಂದೊಂದು ಗಂಟಿಗೂ ಬೆರಳು ತೂರಿಸಿ ನೋಡಿ
ನಡುವೆ ಮೀಟಿದ. ಟಣ್ ಎಂದಿತು.
"ಸಡ್ಲ ಬಲೆ ಹಿಡಿಯೋಕೆ ಕಣಮ್ಮ,
ಬಿಗಿ ಬಲೆ ಬಿಡೋಕೆ.
ಕಾಲು ಸಿಕ್ಕಬಾರ್ದು, ರೆಕ್ಕೆ ಸಿಕ್ಕಬಾರ್ದು.
ಏನೂ ಸಿಗದಂಗೆ ಕಟ್ಟಿದ್ದು ನನ್ನ ಜನ್ಮದಲ್ಲಿ ಇದೇ ಮೊದ್ಲು."
ನಗುತ್ತ ದುಡ್ಡು ಎಣಿಸಿಕೊಂಡ.

ಸಂಜೆ ನಾಲ್ಕಕ್ಕೆ, ಬದಲಿಯ ಹೊತ್ತಿಗೆ,
ಜೋಡಿ ಬಂದು ಎದುರಿನ ವೈರಿನ ಮೇಲೆ ಕೂತವು.
ಪಕ್ಕದಲ್ಲಿ ಕಿಟಕಿ ತೆರೆದ ಸದ್ದು,
ಕೀಲು ತುಕ್ಕು ಹಿಡಿದಿತ್ತು.
ಬಲೆಯ ಒಳಗೆ ನಿಂತಿದ್ದೆ ನಾನು,
ನನ್ನ ಕೈಯಲ್ಲೂ ಒಂದು ಕಡ್ಡಿ,
ಪುದೀನದ್ದು,
ಇನ್ನೂ ಬೇರು ಬಿಟ್ಟಿಲ್ಲ.